ಯೂರೋಪಿನ ನಡುಮಧ್ಯದಲ್ಲಿ ಗೇನ್ಯಾ ಕೂತಳು

ನಮ್ಮ ಲಿಪೀನಾ ಊರಿನ ಗೇನ್ಯಾ ವರ್ಷಕ್ಕೆ ಎರಡೇ ದಿನ ಕೂರುತ್ತಾಳೆ. ಮಿಕ್ಕ ದಿನ ಅವಳು ಕೂತದ್ದನ್ನು ನಾನು ಕಂಡಿಲ್ಲ. ನಾನು ಪಕ್ಕದ ಮನೆಯವಳು; ಹದಿನೆಂಟು ವರ್ಷದಿಂದ ಅವಳ ಅಡುಗೆಮನೆಯ ಕಿಟಕಿ ನನ್ನ ಕಿಟಕಿಗೆ ಎದುರಿಗಿದೆ. ಹಾಲು ಕರೆಯಲು ಕುಕ್ಕರಿಸುವುದನ್ನು ಕೂತದ್ದು ಎನ್ನಲಾಗದು; ಊಟವನ್ನೂ ಅವಳು ಒಲೆಯ ಪಕ್ಕ ನಿಂತೇ ಮುಗಿಸುತ್ತಾಳೆ. ಭಾನುವಾರ ಚರ್ಚಿನಲ್ಲಿ ಕೂರುತ್ತಾಳಲ್ಲ ಎಂದು ಅವಳ ಗಂಡ ಜೆನೊನ್ ಒಮ್ಮೆ ವಾದಿಸಿದ. ಪ್ರಾರ್ಥನೆಗೆ ಮುಂಚೆ ಹೂದಾನಿಗಳಿಗೆ ನೀರು ತುಂಬುವವರು ಯಾರು, ಮುಗಿದ ಮೇಲೆ ನೆಲದಲ್ಲಿ ಅಂಟಿದ ಮೇಣ ಕೆರೆಯುವವರು ಯಾರು ಎಂದು ಅವನು ಯೋಚಿಸಿದಂತಿರಲಿಲ್ಲ.

ಕೂರುವ ಆ ಎರಡು ದಿನ ಜುಲೈ ಕೊನೆಯಲ್ಲಿ, ಸಂತ ಆನ್ನಾಳ ಹಬ್ಬದ ವಾರ ಬರುತ್ತವೆ. ಗುರುವಾರ ಮತ್ತು ಶುಕ್ರವಾರ. ಆಗ ಅವಳೂ ಅವಳ ಅಕ್ಕ ಲೋಜಾಳೂ ಸೇರಿ ಸೆಂಕಾಚ್ ಮಾಡುತ್ತಾರೆ.

ಸೆಂಕಾಚ್ ಎಂಬುದು ಪಾತ್ರೆಯಲ್ಲಿಟ್ಟು ಮಾಡುವ ಕೇಕಲ್ಲ. ಉರಿಯುವ ಬೆಂಕಿಯ ಮುಂದೆ ಮಂಡಿಯೆತ್ತರಕ್ಕೆ ಒಂದು ದಪ್ಪ ಮರದ ಕೋಲನ್ನು ಅಡ್ಡ ಇಟ್ಟು ಒಬ್ಬಳು ತಿರುಗಿಸುತ್ತಿರಬೇಕು. ಇನ್ನೊಬ್ಬಳು ಅದರ ಮೇಲೆ ಸೌಟಿನಿಂದ ಹಿಟ್ಟು ಹುಯ್ಯುತ್ತಿರಬೇಕು, ಕೈ ಸೋತಾಗ ಅದಲುಬದಲು. ಅರವತ್ತು ಮೊಟ್ಟೆ, ಒಂದೂವರೆ ಕಿಲೋ ಬೆಣ್ಣೆ, ಅಷ್ಟೇ ಸಕ್ಕರೆ, ಅಷ್ಟೇ ಮೈದಾ, ಹುಳಿ ಬರಿಸಿದ ಕೆನೆ. ಒಂದು ಪದರ ಕೆಂಪಾದ ಮೇಲೆ ಇನ್ನೊಂದು ಪದರ. ಇಳಿದ ಹಿಟ್ಟು ಮುಳ್ಳುಮುಳ್ಳಾಗಿ ಹೆಪ್ಪುಗಟ್ಟಿ, ಕೊನೆಗೆ ಕೇಕು ಎಲೆಯುದುರಿದ ಸಣ್ಣ ಮರದ ಹಾಗೆ ಕಾಣುತ್ತದೆ. ಕತ್ತರಿಸಿದರೆ ಒಳಗೆ ಮರದ ಕಾಂಡದಲ್ಲಿರುವಂಥ ಸುತ್ತುಗಳು, ನಟ್ಟನಡುವೆ ಕೋಲು ಇದ್ದ ತೂತು. ಇದಕ್ಕೆಲ್ಲ ಐದು ಗಂಟೆ ಹಿಡಿಯುತ್ತದೆ. ಆ ಐದು ಗಂಟೆ ಕೋಲು ನಿಲ್ಲುವಂತಿಲ್ಲ. ನಿಂತರೆ ಹಿಟ್ಟೆಲ್ಲ ಕೆಳಮಗ್ಗುಲಿಗೆ ಇಳಿದು, ಭಾರ ತಾಳದೆ ಕೇಕು ಬೂದಿಗೆ ಬೀಳುತ್ತದೆ.

ಹಾಗಾಗಿ ಆ ಐದು ಗಂಟೆ ಗೇನ್ಯಾಳನ್ನು ಯಾರೂ ಕರೆಯುವಂತಿಲ್ಲ. ಕಾಲುಚೀಲ ಎಲ್ಲಿ, ಉಪ್ಪು ಎಲ್ಲಿ, ಕರುವಿಗೆ ಹಾಲು ಕುಡಿಸಿದ್ದಾಯಿತೇ ಎಂದು ಕೇಳುವಂತಿಲ್ಲ. ಎರಡು ಮೋಟು ಮಣೆ, ಮೇಲೆ ಅಕ್ಕತಂಗಿ, ನಡುವೆ ಅಮ್ಮ ಬಿಟ್ಟುಹೋದ ಕೋಲು. ಲೋಜಾ ಮಂಡಿನೋವಿದ್ದರೂ ನಾಲ್ಕು ಕಿಲೋಮೀಟರ್ ಆಚೆಯ ಬೊಬ್ರೂವ್ಕಾದಿಂದ ಸೈಕಲ್ಲಿನಲ್ಲಿ ಮೊಟ್ಟೆಬುಟ್ಟಿ ಕಟ್ಟಿಕೊಂಡು ಬರುತ್ತಾಳೆ. ಅದು ಗೇನ್ಯಾಳ ತೌರೂರು. ಇಬ್ಬರೂ ದನ ಕಟ್ಟಿಕೊಂಡವರು; ಬೆಳಿಗ್ಗೆ ಐದಕ್ಕೂ ಸಂಜೆ ಐದಕ್ಕೂ ಹಾಲು ಕರೆಯಬೇಕು, ನಡುವೆ ಹುಲ್ಲು, ತೋಟ, ಬಟ್ಟೆ. ಉಳಿದ ವರ್ಷವೆಲ್ಲ ಭೇಟಿ ಎಂದರೆ ಮದುವೆ, ಮಣ್ಣು. ಫೋನಿನಲ್ಲಿ ಮಾತಾಡಬಹುದಲ್ಲ ಎಂದರೆ, ಲೋಜಾಳ ಫೋನು ನಡುಮನೆಯ ಗೋಡೆಯ ಮೇಲಿದೆ, ಅವಳ ಗಂಡ ಎಡ್ಮುಂಡ್ ಅದರ ಕೆಳಗೇ ಕೂತು ಪೇಪರು ಓದುತ್ತಾನೆ. ಅವಳು ಹ್ಞೂಂ, ಉಹುಂ ಎನ್ನುವುದಷ್ಟೇ ಇತ್ತ ಕೇಳಿಸುತ್ತದೆ.

ಆದ್ದರಿಂದ ಗೇನ್ಯಾ ಮದುವೆಯಾಗಿ ಇಲ್ಲಿಗೆ ಬಂದಂದಿನಿಂದ ನಲವತ್ತೊಂದು ವರ್ಷ, ಹೇಳಬೇಕಾದದ್ದೆಲ್ಲ ಬೆಂಕಿಯ ಮುಂದೆಯೇ ಹೇಳಿದ್ದು. ಗೇನ್ಯಾಳ ಹೊಟ್ಟೆಯಲ್ಲಿ ನಿಲ್ಲದ ಮೂರನೇ ಮಗು, ಲೋಜಾಳ ಎದೆಯಲ್ಲಿ ಸಿಕ್ಕಿ ಆಮೇಲೆ ಏನೂ ಅಲ್ಲವೆಂದು ತಿಳಿದ ಗಂಟು, ಸೊಸೆಯಂದಿರು, ಅಮ್ಮ ಪಾದ್ರಿಯ ಕುದುರೆಗೆ ಬಿಯರು ಕುಡಿಸಿದ ಕತೆ. ಆ ಕುದುರೆಯ ಕತೆಗೆ ಅವರಿಬ್ಬರೂ ನಗುವುದು ಪ್ರತಿ ಜುಲೈನಲ್ಲಿ ಬೇಲಿಯಾಚೆ ನನಗೆ ಕೇಳಿಸುತ್ತಿತ್ತು.

ಇನ್ನು ಷಡ್ಡಕರ ಜಗಳದ ವಿಷಯ.

ನಮ್ಮೂರ ಚೌಕದಲ್ಲಿ ಒಂದು ಕಲ್ಲಿದೆ. ಹಿಂದೆ ಯಾವುದೋ ರಾಜನ ಕಾಲದಲ್ಲಿ ನಕ್ಷೆ ಬರೆಯುವವನೊಬ್ಬ ಬಂದು, ಯೂರೋಪು ಖಂಡದ ನಡುಮಧ್ಯ ಇದೇ ಎಂದು ಹೇಳಿ ಹೋದನಂತೆ. ಜೆನೊನ್ ನಮ್ಮ ಊರಿನ ಮುಖಂಡ, ಕಲ್ಲಿನ ಸಮಿತಿಯ ಅಧ್ಯಕ್ಷನೂ ಅವನೇ. ಲೋಜಾಳ ಗಂಡ ಎಡ್ಮುಂಡ್ ಭೂಗೋಳದ ಮೇಷ್ಟರಾಗಿ ನಿವೃತ್ತನಾದವನು. ನಿವೃತ್ತಿಯಾದ ಮೊದಲ ಚಳಿಗಾಲದಲ್ಲಿ ಅವನು ಹೊಸದಾಗಿ ಲೆಕ್ಕ ಹಾಕಿದ. ರಾಜನ ನಕ್ಷೆಯವನು ದ್ವೀಪಗಳನ್ನು ಬಿಟ್ಟಿದ್ದಾನೆ, ಸಮುದ್ರದಲ್ಲಿ ದೂರ ಇರುವುದನ್ನೆಲ್ಲ ಸೇರಿಸಿದರೆ ಮಧ್ಯಬಿಂದು ಬೊಬ್ರೂವ್ಕಾಗೆ ಸರಿಯುತ್ತದೆ ಎಂದು ಸಾರಿದ. ಸರಿದು ಅದು ನಿಂತದ್ದು ಅವನು ಪಾಠ ಹೇಳಿದ ಶಾಲೆಯಿಂದ ಮೂವತ್ತು ಹೆಜ್ಜೆಯಲ್ಲಿ. ಅಲ್ಲೊಂದು ಕಂಬ ನೆಟ್ಟರು, ಹಿತ್ತಾಳೆ ತಗಡು ಹೊಡೆದರು. ಅಂದಿನಿಂದ ಸಂತ ಆನ್ನಾಳ ವಾರದ ಭಾನುವಾರ ಎರಡೂ ಊರಿನಲ್ಲಿ ನಡುಮಧ್ಯದ ಹಬ್ಬ. ಎರಡೂ ಕಡೆ ಭಾಷಣ, ವಾದ್ಯ, ಮೇಜಿನ ಮೇಲೆ ಮೊಳಕ್ಕೂ ಮಿಕ್ಕ ಎತ್ತರದ ಸೆಂಕಾಚ್.

ಆ ಲೆಕ್ಕ ಸುಳ್ಳೆಂದು ತೋರಿಸಲು ಜೆನೊನ್ ನಕ್ಷೆ ಹರಡಿದ್ದು ಅಡುಗೆಮನೆಯ ಮೇಜಿನ ಮೇಲೆ. ಹನ್ನೊಂದು ವರ್ಷದಿಂದ ಗೇನ್ಯಾಳ ಮೇಜಿನ ಕಾಲುಭಾಗ ಯೂರೋಪಿನ ವಶದಲ್ಲಿದೆ. ಮೂಲೆಗಳು ಏಳದಂತೆ ಅವಳದೇ ಜಾಮಿನ ಬಾಟಲಿಗಳು. ಉಳಿದ ಮುಕ್ಕಾಲಿನಲ್ಲಿ ಅವಳು ಹಿಟ್ಟು ನಾದುತ್ತಾಳೆ. ಚೌಕದ ಕಲ್ಲಿನ ಮೇಲಿನ ಪಾರಿವಾಳದ ಹಿಕ್ಕೆಯನ್ನು ಶನಿವಾರ ಶನಿವಾರ ಬ್ರಷ್ ಹಾಕಿ ಉಜ್ಜುವವಳೂ ಅವಳೇ. ಬೊಬ್ರೂವ್ಕಾದ ಕಂಬಕ್ಕೆ ಲೋಜಾ ಪ್ರತಿ ವಸಂತದಲ್ಲಿ ಬಣ್ಣ ಬಳಿಯುತ್ತಾಳೆ. ಎರಡೂ ಹಬ್ಬದ ಎರಡೂ ಕೇಕುಗಳು ಗೇನ್ಯಾಳ ಹಿತ್ತಲ ಒಂದೇ ಒಲೆಯವು, ಒಂದೇ ಕೋಲಿನವು, ಅದೇ ನಾಲ್ಕು ಕೈಗಳವು. ಗುರುವಾರದ್ದು ಬೊಬ್ರೂವ್ಕಾಗೆ, ಶುಕ್ರವಾರದ್ದು ನಮಗೆ. ಎರಡೂ ಊರಿನವರು ಪ್ರತಿ ವರ್ಷ ನಮ್ಮದೇ ರುಚಿ ಎನ್ನುತ್ತಿದ್ದರು.

ಹೋದ ವರ್ಷ ಜಿಲ್ಲಾ ಕಚೇರಿಯಿಂದ ಕಾಗದ ಬಂತು. ಯೂರೋಪಿನ ನಡುಮಧ್ಯಕ್ಕೆ ದಾರಿ ಎಂದು ಹೆದ್ದಾರಿಯಲ್ಲಿ ಫಲಕ ಹಾಕುತ್ತಾರಂತೆ. ಆದರೆ ಒಂದೇ ಫಲಕ. ಎರಡು ಹಾಕಿದರೆ ಜನ ನಗುತ್ತಾರೆ. ಹಬ್ಬದ ಭಾನುವಾರ ಅಧಿಕಾರಿಯೊಬ್ಬರು ಬಂದು ಎರಡೂ ಕಡೆ ನೋಡಿ ವರದಿ ಕೊಡುತ್ತಾರಂತೆ. ಅಗ್ನಿಶಾಮಕದ ಷೆಡ್ಡಿನಲ್ಲಿ ಸಮಿತಿಯ ಏಳು ಗಂಡಸರು ಸಭೆ ಸೇರಿದರು. ಎರಡು ಕೇಕೂ ಒಂದೇ ಒಲೆಯವೆಂದು ಅಧಿಕಾರಿಗೆ ತಿಳಿದರೆ ಊರಿನ ಮಾನ ಏನಾದೀತು ಎಂದು ಅವರಲ್ಲೊಬ್ಬನಿಗೆ ಹೊಳೆಯಿತು. ಅದೇ ವಾರ ಬೊಬ್ರೂವ್ಕಾದ ಗಂಡಸರಿಗೂ ಅದೇ ಹೊಳೆಯಿತು.

ಸಂಜೆ ಗೇನ್ಯಾ ಹಾಲು ಕರೆಯುತ್ತಿದ್ದಾಗ ಜೆನೊನ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ತೀರ್ಮಾನ ತಿಳಿಸಿದ.

"ಈ ಸಲ ಲೋಜಾ ಬರೋದು ಬೇಡ. ನಮ್ಮ ಕೇಕು ನಮ್ಮೂರ ಕೈಯಲ್ಲೇ ಆಗಬೇಕು."

"ಹಿಟ್ಟು ನಾನು ಹುಯ್ತೀನಿ. ಕೋಲು ಯಾರು ತಿರುಗಿಸ್ತಾರೆ?"

"ಕೋಲು ತಿರುಗಿಸೋದು ಏನು ಮಹಾ, ಗೇನ್ಯಾ. ಕೂತ್ಕೊಂಡು ಮಾಡೋ ಕೆಲಸ. ನಾನೇ ತಿರುಗಿಸ್ತೀನಿ."

ಅವಳು ಬಕೆಟ್ಟು ಎತ್ತಿಕೊಂಡು ನೇರ ನನ್ನ ಅಡುಗೆಮನೆಗೆ ಬಂದಳು. ಬಂದವಳು ಬಾಗಿಲಿಗೊರಗಿ ನಿಂತೇ ಇದ್ದಳು. ಅಕ್ಕನಿಗೂ ಎಡ್ಮುಂಡ್ ಹೀಗೇ ಹೇಳಿದ್ದಾನೆ, ಅವನು ಅಂಗಳದಲ್ಲಿ ಹೊಸ ಒಲೆ ಕಟ್ಟುತ್ತಿದ್ದಾನೆ ಎಂದು ಹೇಳಿದಳು. ಜನವರಿಯಿಂದ ಅಕ್ಕನಿಗೆ ಹೇಳಬೇಕೆಂದು ಕೂಡಿಟ್ಟುಕೊಂಡದ್ದು ಎಷ್ಟೋ ಇದೆ, ಅದನ್ನೆಲ್ಲ ಈಗ ಎಲ್ಲಿಡಲಿ ಎಂದಳು. ನಾನು ಕಾಫಿ ಮಾಡಿದೆ. ಅವಳು ಅದನ್ನೂ ನಿಂತೇ ಕುಡಿದಳು.

"ಅವನ ಜೊತೆ ಐದು ಗಂಟೆ ಏನು ಮಾತಾಡಲಿ ಹೇಳು. ನಮ್ಮಿಬ್ಬರ ಮಾತು ಮೊದಲನೇ ವರ್ಷಕ್ಕೇ ಮುಗಿದುಹೋಗಿದೆ."

ಗುರುವಾರ ಬಂತು. ಬೆಳಿಗ್ಗೆ ಏಳಕ್ಕೆ ಜೆನೊನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಣೆಯ ಮೇಲೆ ಕೂತ. ನಾನು ಬೇಲಿಯ ಬಳಿ ಬಟಾಣಿ ಬಿಡಿಸುವ ನೆಪದಲ್ಲಿ ನಿಂತಿದ್ದೆ. ಮೊದಲ ಅರ್ಧ ಗಂಟೆ ಚೆನ್ನಾಗಿಯೇ ತಿರುಗಿಸಿದ. ಮೂರನೇ ಪದರಕ್ಕೆ ನೀರು ಕೇಳಿದ. ಐದನೆಯದಕ್ಕೆ ಬೆನ್ನಿಗೆ ದಿಂಬು ಕೇಳಿದ. ಗೇನ್ಯಾ ಸೌಟು ಬಿಟ್ಟು ಏಳಲಾರೆ ಎಂದಳು. ಎಂಟನೆಯದರ ಹೊತ್ತಿಗೆ ಒಂದು ಕೈಯಲ್ಲಿ ಫೋನು ಹಿಡಿದು ವಾದ್ಯದವರಿಗೆ ಬೈಯುತ್ತ, ಇನ್ನೊಂದರಲ್ಲಿ ತಿರುಗಿಸುತ್ತಿದ್ದ. ಆಗ ರಸ್ತೆಯಲ್ಲಿ ಬೆಂಚು ತಂದ ಲಾರಿ ಹಾರ್ನ್ ಹೊಡೆಯಿತು. ಎರಡೇ ನಿಮಿಷ ಎಂದು ಹೇಳಿ ಅವನು ಎದ್ದು ನಡೆದ.

ಕೋಲು ನಿಂತಿತು. ಗೇನ್ಯಾ ಕೈ ಚಾಚಿದ್ದರೆ ಕೋಲಿನ ಹಿಡಿ ಸಿಗುತ್ತಿತ್ತು. ಅವಳು ಬೋಗುಣಿಯನ್ನು ನಿಧಾನವಾಗಿ ಕೆಳಗಿಟ್ಟಳು, ಏಪ್ರನ್ನಿಗೆ ಕೈ ಒರೆಸಿಕೊಂಡಳು, ಮಣೆಯ ಮೇಲೆ ಇನ್ನೂ ಸ್ವಲ್ಪ ಹಿಂದಕ್ಕೆ ಸರಿದು ಕೂತಳು. ನಲವತ್ತು ಮೊಟ್ಟೆಯಷ್ಟು ಹಿಟ್ಟು ನಮ್ಮಿಬ್ಬರ ಕಣ್ಣೆದುರೇ ಹಸುವಿನ ಕೆಚ್ಚಲಿನಂತೆ ಇಳಿಬಿದ್ದು, ತೂಗಿ, ಬೂದಿಗೆ ಬಿತ್ತು. ಜೆನೊನ್ ಬಂದು ನೋಡಿ ಹಿಡಿಯಬಾರದಿತ್ತೇ ಎಂದ. ಸಮಿತಿ ನನಗೆ ಹುಯ್ಯಲು ಮಾತ್ರ ಹೇಳಿತ್ತು ಎಂದಳು ಅವಳು. ಆ ಕೇಕನ್ನು ನನ್ನ ಹೆಬ್ಬಾತುಗಳು ಎರಡು ದಿನ ತಿಂದವು.

ಬೊಬ್ರೂವ್ಕಾದ ಕತೆ ಅದೇ ಸಂಜೆ ನಮ್ಮೂರಿಗೆ ಮುಟ್ಟಿತು, ನಮ್ಮದು ಅಲ್ಲಿಗೆ. ಎಡ್ಮುಂಡ್ ವಿದ್ಯಾವಂತ, ಕೈಯಲ್ಲಿ ತಿರುಗಿಸುವುದು ಹಳೆಯ ಕಾಲದ್ದು ಎಂದು ಲೋಜಾಳ ಬಟ್ಟೆ ಒಗೆಯುವ ಯಂತ್ರದ ಮೋಟಾರು ಬಿಚ್ಚಿ ಹೊಸ ಕೋಲಿಗೆ ಜೋಡಿಸಿದ್ದ. ಯಂತ್ರದಲ್ಲಿ ಆಗ ನೆನೆಸಿದ ಹಾಸುಬಟ್ಟೆಗಳಿದ್ದವು. ಸ್ವಿಚ್ಚು ಒತ್ತಿದ ಕೂಡಲೇ ಮೊದಲ ಸೌಟಿನ ಹಿಟ್ಟು ಅವನ ಕನ್ನಡಕದ ಮೇಲೆ, ಎರಡನೆಯದು ಅವನ ಬೇಲಿಯಾಚೆಯ ಹಿತ್ತಾಳೆ ತಗಡಿನ ಕಂಬದ ಮೇಲೆ. ಲೋಜಾ ಮೂರನೆಯದು ಹುಯ್ಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಾಲು ಕರೆದು ಮುಗಿಸಿ ಗೇನ್ಯಾ ಅಕ್ಕನಿಗೆ ಫೋನು ಮಾಡಿದಳು. "ಅಕ್ಕಾ, ಹಾಲುಕಟ್ಟೆಗೆ ಬಾ. ಮೊಟ್ಟೆ ತಗೊಂಡು ಬಾ," ಎಂದಳು. ಅತ್ತ ಲೋಜಾ ಹ್ಞೂಂ ಎಂದಳಂತೆ. ಅಷ್ಟೇ. ಗೇನ್ಯಾ ಅಮ್ಮನ ಕೋಲನ್ನು ಬಟ್ಟೆಯಲ್ಲಿ ಸುತ್ತಿ ಕೈಗಾಡಿಯಲ್ಲಿಟ್ಟಳು. ಆಮೇಲೆ ಹಿತ್ತಲ ಒಲೆಯ ಇಟ್ಟಿಗೆ ಒಂದೊಂದೇ ಕಿತ್ತಳು. ಅದು ಕೈಗಾಡಿಗೆ ಹಿಡಿಸುವಷ್ಟಲ್ಲ. ನನ್ನ ಗಂಡ ಬೆಂಚು ಜೋಡಿಸಲು ಚೌಕಕ್ಕೆ ಹೋಗಿದ್ದ, ಟ್ರ್ಯಾಕ್ಟರಿನ ಕೀಲಿ ಮೊಳೆಗೆ ನೇತಾಡುತ್ತಿತ್ತು. ನಾನು ಇಟ್ಟಿಗೆ, ಆಲ್ಡರ್ ಮರದ ಸೌದೆ, ಎರಡು ಮಣೆ ಎಲ್ಲ ಹೇರಿಕೊಂಡು ಹೊರಟೆ.

ಹಾಲುಕಟ್ಟೆ ಎಂದರೆ ಎರಡೂ ಊರಿನ ನಡುವೆ, ಹೊಲದ ದಾರಿಯಲ್ಲಿ, ದೊಡ್ಡ ಲಿಂಡನ್ ಮರದ ಕೆಳಗಿನ ಸಿಮೆಂಟು ಜಗಲಿ. ಹಿಂದೆ ಹಾಲಿನ ಕ್ಯಾನುಗಳನ್ನು ಅದರ ಮೇಲಿಡುತ್ತಿದ್ದೆವು, ಡೇರಿಯ ಲಾರಿ ಬಂದು ಒಯ್ಯುತ್ತಿತ್ತು. ಈಗ ಟ್ಯಾಂಕರು ಕೊಟ್ಟಿಗೆಗೇ ಬರುವುದರಿಂದ ಅಲ್ಲಿ ಹಲ್ಲಿಗಳು ಬಿಸಿಲು ಕಾಯಿಸಿಕೊಳ್ಳುತ್ತವೆ. ನಾವು ಹೋದಾಗ ಲೋಜಾ ಮೊಟ್ಟೆಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದಳು. ಗಾಳಿ ಮರೆಯಾಗುವ ಕಡೆ ಮೂವರೂ ಒಲೆ ಕಟ್ಟಿದೆವು. ಒಂಬತ್ತಕ್ಕೆ ಬೆಂಕಿ ಹತ್ತಿತು, ಒಂಬತ್ತೂವರೆಗೆ ಮೊದಲ ಪದರ. ಪಾದ್ರಿಯ ಕುದುರೆಯ ಕತೆ ಎರಡನೇ ಪದರಕ್ಕೆ ಬಂತು. ಇಷ್ಟು ವರ್ಷ ಬೇಲಿಯಾಚೆಯಿಂದ ಕೇಳಿದ್ದನ್ನು ಅವತ್ತು ಹತ್ತಿರದಿಂದ ಕೇಳಿದೆ. ಕುದುರೆಯ ಭಾಗಕ್ಕಿಂತ ಪಾದ್ರಿಯ ಭಾಗವೇ ಚೆನ್ನಾಗಿದೆ.

ಹನ್ನೊಂದಕ್ಕೆ ಲಿಪೀನಾದ ಕಡೆಯಿಂದ ಜೆನೊನ್ ಸೈಕಲ್ಲಿನಲ್ಲಿ ಬಂದ. ಹೊಗೆ ನೋಡಿ ಹೊಲಕ್ಕೆ ಬೆಂಕಿ ಬಿದ್ದಿದೆ ಎಂದುಕೊಂಡು ಅಗ್ನಿಶಾಮಕದ ಹೆಲ್ಮೆಟ್ಟು ಹಾಕಿಕೊಂಡಿದ್ದ. ಆಚೆ ಕಡೆಯಿಂದ ಎಡ್ಮುಂಡ್ ನಡೆದು ಬಂದ, ತುಟಿ ಅಲ್ಲಾಡಿಸುತ್ತ. ಹೆಜ್ಜೆ ಎಣಿಸುತ್ತಿದ್ದಾನೆ ಎಂದು ಲೋಜಾ ನನಗೆ ಹೇಳಿದಳು. ಷಡ್ಡಕರು ಒಲೆಯ ಎರಡು ಬದಿ ನಿಂತು ಒಬ್ಬರನ್ನೊಬ್ಬರು ನೋಡದೆ ತಮ್ಮ ತಮ್ಮ ಹೆಂಡಿರನ್ನು ನೋಡಿದರು.

ಇದು ಯಾರ ಕೇಕು ಎಂದು ಜೆನೊನ್ ಕೇಳಿದ.

"ನಮ್ಮದು," ಅಂದಳು ಗೇನ್ಯಾ, ಕೋಲು ತಿರುಗಿಸುತ್ತಲೇ. "ಇನ್ಮೇಲೆ ಒಂದೇ ಮಾಡೋದು. ಇಲ್ಲೇ ಮಾಡೋದು. ಬೇಕಾದವರು ಇಲ್ಲಿಗೆ ಬಂದು ತಿನ್ನಲಿ."

"ಅಧಿಕಾರಿ ಬರ್ತಾರೆ, ಗೇನ್ಯಾ. ಯೂರೋಪಿನ ಮಧ್ಯ ಎಲ್ಲಿದೆ ಅಂತ ಅವರಿಗೆ ತೋರಿಸೋದು ಬೇಡ್ವಾ?"

"ಅದು ಎಲ್ಲಿದೆಯೋ ನಂಗೊತ್ತಿಲ್ಲ ಕಣೋ. ಐದು ಗಂಟೆ ಹೊತ್ತಿಗೆ ನಾವಿಬ್ರೂ ಹಾಲು ಕರೆಯೋಕೆ ಮನೆ ಸೇರಬೇಕು. ಅದಕ್ಕೆ ಸರಿಯಾದ ಜಾಗ ಇದು."

ಎಡ್ಮುಂಡ್ ಗಂಟಲು ಸರಿಮಾಡಿಕೊಂಡ. ಮೇಷ್ಟರಲ್ಲವೇ, ತಪ್ಪು ಕಂಡರೆ ಸುಮ್ಮನಿರಲಾರ. ಇದು ಎರಡೂ ಊರಿನ ಮಧ್ಯ ಅಲ್ಲ, ಬೊಬ್ರೂವ್ಕಾ ಕಡೆಗೆ ಸುಮಾರು ಮುನ್ನೂರು ಹೆಜ್ಜೆ ವಾಲಿದೆ, ತಾನು ಈಗಷ್ಟೇ ಎಣಿಸಿದ್ದೇನೆ ಎಂದ.

"ನನ್ನ ಮಂಡಿ ಸೇರಿಸಿದೀವಿ," ಅಂದಳು ಲೋಜಾ. "ನೀವು ದ್ವೀಪ ಸೇರಿಸಿದ ಹಾಗೆ."

ಜೆನೊನ್ ನಕ್ಕುಬಿಟ್ಟ. ಷಡ್ಡಕನಿಗೆ ಆದ ಏಟು ಅವನಿಗೆ ಜೇನಾಗಿತ್ತು. ಎಡ್ಮುಂಡ್ ಸುಮ್ಮನಿದ್ದಾನೆಯೇ, ನಿನ್ನ ಕೇಕು ನಿನ್ನೆ ಯಾವ ಕಡೆಗೆ ವಾಲಿತ್ತು ಎಂದು ಕೇಳಿದ. ಕನ್ನಡಕ ಚೆನ್ನಾಗಿ ತೊಳೆದಿದ್ದೀಯಲ್ಲ ಎಂದ ಜೆನೊನ್. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹನ್ನೊಂದು ವರ್ಷದಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು. ನಗುತ್ತಲೇ ಜೆನೊನ್, ತಾನು ಸ್ವಲ್ಪ ಹೊತ್ತು ಕೋಲು ತಿರುಗಿಸಲೇ ಎಂದು ಕೈ ಚಾಚಿದ. ಗೇನ್ಯಾ ಅವನ ಕೈಯನ್ನು ಮೊಣಕೈಯಿಂದ ಆಚೆ ತಳ್ಳಿದಳು. ಇಲ್ಲಿ ಕೂರುವ ಕೆಲಸಕ್ಕೆ ಜನ ಇದ್ದಾರೆ, ನಿಲ್ಲುವ ಕೆಲಸ ಬೇಕಾದಷ್ಟಿದೆ ಎಂದಳು.

ಇತ್ತು. ಕೇಕು ಹಾಲುಕಟ್ಟೆಯಲ್ಲಾದ ಮೇಲೆ ಹಬ್ಬವೂ ಅಲ್ಲೇ ಎಂದಾಯಿತು; ಭಾನುವಾರ ಎರಡೂ ಊರಿಗೆ ಸೇರಿ ಮುನ್ನೂರು ಜನಕ್ಕೆ ಊಟ. ಮಾಂಸದ ಹೂರಣ ತುಂಬಿದ ಆಲೂಗಡ್ಡೆ ಕಡುಬು ಇಲ್ಲದೆ ನಮ್ಮ ಕಡೆ ಹಬ್ಬವಿಲ್ಲ, ಅದಕ್ಕೆ ಮೂಟೆಗಟ್ಟಲೆ ಆಲೂಗಡ್ಡೆ ತುರಿದು ಹಿಂಡಬೇಕು. ಪ್ರತಿ ವರ್ಷ ಶುಕ್ರವಾರ ಕೇಕಿನ ಮುಂದಿಂದ ಎದ್ದ ಗೇನ್ಯಾ ನೇರ ಆಲೂಗಡ್ಡೆಯ ಮುಂದೆ ನಿಲ್ಲುತ್ತಿದ್ದಳು. ಈ ಸಲ ಒಂದು ಕೇಕು ಸಾಲದು, ನಾಳೆಯೂ ಒಂದು ಮಾಡುತ್ತೇವೆ, ನಾವು ಮಣೆ ಬಿಟ್ಟು ಏಳುವಂತಿಲ್ಲ ಎಂದು ಅಕ್ಕತಂಗಿ ತಿಳಿಸಿದರು. ಎರಡು ಸಮಿತಿಗಳ ಹದಿನಾಲ್ಕು ಗಂಡಸರು ಶನಿವಾರ ಗೇನ್ಯಾಳ ಅಂಗಳದಲ್ಲಿ ಸಾಲಾಗಿ ನಿಂತು ಆಲೂಗಡ್ಡೆ ತುರಿದರು. ನಾನು ನಡುವೆ ಓಡಾಡಿ ಯಾರ ಬೆರಳಿಗೆ ಬಟ್ಟೆ ಕಟ್ಟಬೇಕೋ ಕಟ್ಟಿದೆ. ಗೇನ್ಯಾಳ ಮೇಜಿನ ಮೇಲೆ ಜಾಗ ಸಾಲದೆ ಜೆನೊನ್ ತಾನೇ ನಕ್ಷೆ ಸುತ್ತಿ ಅಟ್ಟಕ್ಕೆ ಹಾಕಿದ. ಮಧ್ಯಾಹ್ನ ಅವನು ಹಾಲುಕಟ್ಟೆಗೆ ಸೈಕಲ್ಲು ತುಳಿದು ಬಂದು, ಬೆವರು ಒರೆಸಿಕೊಳ್ಳುತ್ತ, ಉಪ್ಪು ಎಲ್ಲಿದೆ ಎಂದು ಕೇಳಿದ. ಗೇನ್ಯಾ ಪದರ ಎಣಿಸುತ್ತಿದ್ದಳು.

"ಹುಡುಕೋ ಮಾರಾಯ," ಅಂದಳು ಲೋಜಾ. "ಆ ಅಡುಗೆಮನೆ ಯೂರೋಪಿನಷ್ಟೇನೂ ದೊಡ್ಡದಲ್ಲ."

ಅವನು ಹೋಗಿ ಹುಡುಕಿದ. ಕಡುಬಿಗೆ ಉಪ್ಪು ಸ್ವಲ್ಪ ಜಾಸ್ತಿಯಾಯಿತು.

ಭಾನುವಾರ ಅಧಿಕಾರಿ ಬಂದರು. ದಪ್ಪ ಜಡೆಯ, ನಲವತ್ತರ ಆಸುಪಾಸಿನ ಹೆಂಗಸು. ಲಿಪೀನಾದ ಚೌಕದಲ್ಲಿ ಕಲ್ಲು ಮಾತ್ರ ಇತ್ತು. ಬೊಬ್ರೂವ್ಕಾದಲ್ಲಿ ಹಿಟ್ಟು ಒಣಗಿದ ಕಂಬ ಮಾತ್ರ ಇತ್ತು. ವಾದ್ಯದ ಸದ್ದು ಹಿಡಿದು ಕಾರು ಹೊಲದ ದಾರಿಗೆ ತಿರುಗಿಸಿದಾಗ ಎರಡೂ ಊರು ಲಿಂಡನ್ ಮರದ ಕೆಳಗೆ ಕುಣಿಯುತ್ತಿದ್ದವು. ಹಾಲುಕಟ್ಟೆಯ ಮೇಲೆ ಎರಡು ಸೆಂಕಾಚ್ ಅಕ್ಕಪಕ್ಕ ನಿಂತಿದ್ದವು. ಜೆನೊನ್ ರಾಜನ ಕಾಲದಿಂದ ಶುರುಮಾಡಿದ, ಎಡ್ಮುಂಡ್ ದ್ವೀಪಗಳಿಂದ. ಆಕೆ ಇಬ್ಬರಿಗೂ ತಲೆಯಾಡಿಸುತ್ತ ಮೂರು ತುಂಡು ತಿಂದರು. ಆಮೇಲೆ ಇದನ್ನು ಮಾಡಿದವರು ಯಾರು ಎಂದು ಕೇಳಿದರು. ಆ ಪ್ರಶ್ನೆಯನ್ನು ನಲವತ್ತೊಂದು ವರ್ಷದಲ್ಲಿ ಹೊರಗಿನವರು ಯಾರೂ ಕೇಳಿರಲಿಲ್ಲ. ಗುಂಪು ಸರಿದು ದಾರಿ ಬಿಟ್ಟಿತು. ಗೇನ್ಯಾ ಲಿಂಡನ್ ಬುಡದಲ್ಲಿ ತಟ್ಟೆ ತೊಳೆಯುತ್ತಿದ್ದಳು. ಲೋಜಾ ಅವಳ ಕೈಯಿಂದ ತಟ್ಟೆ ಕಿತ್ತು ಎಡ್ಮುಂಡನ ಕೈಗಿಟ್ಟು, ತಂಗಿಯನ್ನು ಎಳೆದುಕೊಂಡು ಹೋಗಿ ಕುಣಿತದ ನಡುವೆ ನಿಲ್ಲಿಸಿದಳು. ಮಂಡಿ ನೋವೆಂದು ಲೋಜಾ ಅವತ್ತು ಒಂದು ಸಲವೂ ಹೇಳಲಿಲ್ಲ. ಸರಿಯಾಗಿ ನಾಲ್ಕೂಕಾಲಿಗೆ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು, ಹಸುಗಳು ಕಾಯುತ್ತಿದ್ದವು.

ಫಲಕ ಇನ್ನೂ ಬಂದಿಲ್ಲ. ಅಧಿಕಾರಿಯ ವರದಿಯಲ್ಲಿ ಏನಿದೆಯೋ, ಕಡತ ಯಾವ ಮೇಜಿನ ಮೇಲಿದೆಯೋ ತಿಳಿಯದು. ಷಡ್ಡಕರು ಕಾಗದ ಬರೆಯುತ್ತಲೇ ಇದ್ದಾರೆ, ಈಗ ಒಟ್ಟಿಗೆ ಕೂತು ಬರೆಯುತ್ತಾರೆ, ವಾರಕ್ಕೊಮ್ಮೆ, ಷೆಡ್ಡಿನಲ್ಲಿ. ಕಾಫಿ ಅವರೇ ಮಾಡಿಕೊಳ್ಳುತ್ತಾರೆ. ನಕ್ಷೆ ಅಟ್ಟದಿಂದ ಇಳಿದಿಲ್ಲ. ಎಡ್ಮುಂಡ್ ಮೋಟಾರನ್ನು ಬಟ್ಟೆಯಂತ್ರಕ್ಕೆ ಮರಳಿ ಜೋಡಿಸಲು ನವೆಂಬರ್ ಆಯಿತು, ಅಲ್ಲಿಯವರೆಗೆ ಹಾಸುಬಟ್ಟೆ ಒಗೆದವನು ಅವನೇ.

ಈ ವರ್ಷವೂ ಗುರುವಾರ ನಾನು ಟ್ರ್ಯಾಕ್ಟರಿನಲ್ಲಿ ಸೌದೆ ಹೇರಿಕೊಂಡು ಹೋದೆ. ಮಣೆ ಈಗ ಮೂರು. ಮೂರನೆಯದು ನನ್ನದು, ಪದರ ಎಣಿಸುವ ಕೆಲಸ ನನಗೆ. ಹತ್ತನೇ ಪದರದ ಹೊತ್ತಿಗೆ ದಾರಿಯಲ್ಲಿ ಜೆನೊನ್ ಕಾಣಿಸಿಕೊಂಡ. ಏನೋ ಕೇಳಲು ಬಂದಿದ್ದ, ಮುಖ ನೋಡಿದರೇ ತಿಳಿಯುತ್ತಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ಸೈಕಲ್ಲು ನಿಲ್ಲಿಸಿದ. ಗೇನ್ಯಾ ಕೂತಿದ್ದಳು, ಕೋಲು ತಿರುಗುತ್ತಿತ್ತು, ಲೋಜಾ ಏನೋ ಹೇಳುತ್ತಿದ್ದಳು. ಅವನು ಸ್ವಲ್ಪ ಹೊತ್ತು ಹಾಗೇ ನಿಂತು ನೋಡಿ, ಏನೂ ಕೇಳದೆ ಸೈಕಲ್ಲು ತಿರುಗಿಸಿಕೊಂಡು ಊರ ಕಡೆ ಹೊರಟ.